ಬಿಲ್ ಕೌಂಟರಲ್ಲಿ ಮೊಬೈಲ್ ನಂಬರ್ ಕೊಡಲೇಬೇಕಾ?

ಕತ್ರಿಗುಪ್ಪೆ ಕಾಫಿ

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಕಿರಿಕಿರಿ ಜಾಸ್ತಿ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಸೂಪರ್‌ಮಾರ್ಕೆಟ್, ಮೆಡಿಕಲ್ ಶಾಪ್, ಎಲ್ಲಿ ಹೋದರೂ ಬಿಲ್ ಮಾಡುವಾಗ ಮೊದಲ ಮಾತೇ ‘ಮೊಬೈಲ್ ನಂಬರ್ ಹೇಳಿ’. ಎಷ್ಟಾಯ್ತು ಅನ್ನೋದು ಆಮೇಲೆ. ಮೊನ್ನೆ ಒಂದು ಬಟ್ಟೆ ಅಂಗಡಿಯಲ್ಲಿ ಕೊಡಲ್ಲ ಅಂದೆ. ‘ನಂಬರ್ ಹಾಕದೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ ಮೇಡಂ’ ಅಂದ ಕೌಂಟರಿನ ಹುಡುಗ. ಹಿಂದೆ ಉದ್ದ ಕ್ಯೂ. ‘ಕೊಟ್ಟುಬಿಡಿ ಮೇಡಂ, ಟೈಮಾಗುತ್ತೆ’ ಅಂತ ಕ್ಯೂನಲ್ಲಿದ್ದವರೇ ಶುರು ಮಾಡಿದರು!

ಕೇಳುತ್ತಿರುವುದು ಇಷ್ಟೇ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅನ್ನಲು ಅವರಿಗೆ ಅಧಿಕಾರ ಇದೆಯಾ? ನೀವೆಲ್ಲ ಏನು ಮಾಡುತ್ತೀರಿ?

ಹಳೇ ಕ್ಯಾಷಿಯರ್

ಊರೂರಲ್ಲಿ ಬ್ರಾಂಚ್ ಇರುವ ಒಂದು ಅಂಗಡಿಯಲ್ಲಿ ಕೆಲವು ವರ್ಷ ಕೌಂಟರಲ್ಲಿ ಕೂತಿದ್ದೆ. ಒಳಗಿನ ಕಥೆ ಹೇಳುತ್ತೇನೆ.

‘ಸಿಸ್ಟಮ್ ಹೋಗಲ್ಲ’ ಅನ್ನೋದು ಅರ್ಧ ನಿಜ. ನಮ್ಮ ಸಾಫ್ಟ್‌ವೇರ್‌ನಲ್ಲಿ ನಂಬರಿನ ಜಾಗ ಖಾಲಿ ಬಿಟ್ಟರೆ ಮುಂದಿನ ಪರದೆ ಬರುತ್ತಿರಲಿಲ್ಲ. ಆದರೆ ಹತ್ತು ಸೊನ್ನೆ ಹೊಡೆದರೆ ಬರುತ್ತಿತ್ತು. ಕೌಂಟರಿನವರಿಗೆಲ್ಲ ಇದು ಗೊತ್ತು. ಮತ್ತೆ ಯಾಕೆ ಹಾಗೆ ಮಾಡಲ್ಲ ಅಂದರೆ, ನಮಗೆ ಟಾರ್ಗೆಟ್ ಇತ್ತು. ನೂರು ಬಿಲ್ಲಿಗೆ ಇಷ್ಟು ನಿಜವಾದ ನಂಬರ್ ಬರಲೇಬೇಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಯಾವ ಕೌಂಟರಲ್ಲಿ ಎಷ್ಟು ಅಂತ ಮ್ಯಾನೇಜರ್ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಸೊನ್ನೆ ಜಾಸ್ತಿ ಇದ್ದವರಿಗೆ ಎಲ್ಲರ ಮುಂದೆ ಬೈಗುಳ.

ಆ ನಂಬರ್ ಇರುವುದು ಬಿಲ್ ಕಳಿಸಲು ಅಂದುಕೊಂಡಿದ್ದರೆ ಅದು ನೆಪ ಮಾತ್ರ. ಬಿಲ್ಲುಗಳೆಲ್ಲ ಬಿಡಿ ಹೂವು, ನಿಮ್ಮ ನಂಬರ್ ದಾರ. ಯಾವ ಬ್ರಾಂಚಿಗೆ ಬರುತ್ತೀರಿ, ತಿಂಗಳಲ್ಲಿ ಯಾವಾಗ ಬರುತ್ತೀರಿ, ಸೈಜ್ ಏನು, ಆಫರ್ ಇದ್ದಾಗ ಮಾತ್ರ ಬರುವವರಾ, ಎಲ್ಲವನ್ನೂ ಅದೇ ಪೋಣಿಸುತ್ತದೆ. ಒಂದು ಸಲ ಡೈಪರ್ ತಗೊಳ್ಳಿ, ಮಗುವಿನ ಸಾಮಾನಿನ ಮೆಸೇಜ್ ಬರಲು ಶುರುವಾಗುತ್ತದೆ. ಯಾಕೆ ಅಂತ ಕೇಳಬೇಕಾಗಿಲ್ಲ.

ಒಂದೇ ಬೇಡಿಕೆ: ಕೌಂಟರಿನ ಹುಡುಗರ ಮೇಲೆ ಕೂಗಾಡಬೇಡಿ. ‘ನಂಬರ್ ಬೇಡ, ಪೇಪರ್ ಬಿಲ್ ಕೊಡಿ’ ಅಂತ ಮೊದಲೇ, ಸಾಮಾನು ಸ್ಕ್ಯಾನ್ ಮಾಡುವ ಮುಂಚೆಯೇ ಹೇಳಿ. ಆಗ ಅವರು ಸಲೀಸಾಗಿ ಮಾಡುತ್ತಾರೆ. ಬಿಲ್ ಅರ್ಧ ಆದ ಮೇಲೆ ಜಗಳ ಶುರುವಾದರೆ ಸೂಪರ್‌ವೈಸರ್ ಬರುತ್ತಾನೆ, ಆಮೇಲೆ ಅದು ಬೇರೆಯೇ ರಾಮಾಯಣ.

ಸುಮ್ನಿರಿ ಸ್ವಾಮಿ

ಅಯ್ಯೋ, ನಂಬರ್ ಏನು ಮಹಾ ಗುಟ್ಟಾ? ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡ್ಕೊಂಡು, ಲೊಕೇಶನ್ ಆನ್ ಮಾಡ್ಕೊಂಡು, ಅಂಗಡಿಯವನು ನಂಬರ್ ಕೇಳಿದ ಅಂತ ಅಳುವುದು! ನಾನಂತೂ ಕೊಡುತ್ತೇನೆ. ಪಾಯಿಂಟ್ ಸಿಗುತ್ತೆ, ದೀಪಾವಳಿಗೆ ಐನೂರು ರೂಪಾಯಿ ಬಿಟ್ಟರೆ ಯಾರಿಗೆ ಬೇಡ?

ಕೆಂಡಸಂಪಿಗೆ

ಸ್ವಾಮಿಯವರೇ, ಕೊಡುವುದು ನಿಮ್ಮಿಷ್ಟ. ಆದರೆ ಎಲ್ಲರ ಪಾಡು ಒಂದೇ ಅಲ್ಲ.

ಮೈಸೂರಿನ ಒಂದು ಅಂಗಡಿಯಲ್ಲಿ ನಾನು ನಂಬರನ್ನು ಬಾಯಲ್ಲಿ ಹೇಳಿದೆ. ಕೌಂಟರಿನವರು ‘ಸರಿಯಾ ನೋಡಿ’ ಅಂತ ಜೋರಾಗಿ ಮತ್ತೊಮ್ಮೆ ಓದಿದರು. ರಾತ್ರಿ ವಾಟ್ಸಾಪಿಗೆ ‘ಹಾಯ್, ಇವತ್ತು ಹಸಿರು ಕುರ್ತಾ ಚೆನ್ನಾಗಿತ್ತು’ ಅಂತ ಬಂತು. ಕ್ಯೂನಲ್ಲಿ ಹಿಂದೆ ನಿಂತಿದ್ದ ಯಾರೋ. ಬ್ಲಾಕ್ ಮಾಡಿದೆ, ಸರಿ. ಆದರೆ ಆ ರಸ್ತೆಗೆ ಒಬ್ಬಳೇ ಹೋಗಲು ಎಷ್ಟೋ ದಿನ ಮನಸ್ಸಾಗಲಿಲ್ಲ. ನಿಮ್ಮ ಐನೂರು ರೂಪಾಯಿ ಪಾಯಿಂಟಲ್ಲಿ ಈ ಲೆಕ್ಕ ಇದೆಯಾ?

ಅಂದಿನಿಂದ, ಕೊಡಲೇಬೇಕಾದ ಕಡೆಯೂ ಬಾಯಲ್ಲಿ ಹೇಳಲ್ಲ. ‘ಕೀಪ್ಯಾಡ್ ಈ ಕಡೆ ತಿರುಗಿಸಿ, ನಾನೇ ಒತ್ತುತ್ತೇನೆ’ ಅನ್ನುತ್ತೇನೆ. ವಾಟ್ಸಾಪ್ ಫೋಟೋ ಕಾಂಟ್ಯಾಕ್ಟಲ್ಲಿ ಇರುವವರಿಗೆ ಮಾತ್ರ ಕಾಣುವ ಹಾಗೆ ಇಟ್ಟಿದ್ದೇನೆ. ಹುಡುಗಿಯರಿಗೆ ಇದನ್ನು ಮೊದಲು ಹೇಳಿಕೊಡಿ.

ಸುಮ್ನಿರಿ ಸ್ವಾಮಿ

ಆ ಕೋನದಿಂದ ನಾನು ನೋಡಿರಲಿಲ್ಲ ತಾಯಿ. ಪಾಯಿಂಟ್ ವಿಷಯದಲ್ಲಿ ನನ್ನ ಮಾತು ನನ್ನದೇ, ಆದರೆ ಮಗಳಿಗೆ ಕೀಪ್ಯಾಡ್ ವಿಷಯ ಹೇಳುತ್ತೇನೆ.

ಕರಿಕೋಟು

ಕಾಫಿಯವರ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಆ ಅಧಿಕಾರ ಇಲ್ಲ. ಸ್ವಲ್ಪ ಉದ್ದವಾಗುತ್ತದೆ, ಓದಿಕೊಳ್ಳಿ.

2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಚಿಲ್ಲರೆ ವ್ಯಾಪಾರಿಗಳ ಮತ್ತು ಉದ್ಯಮದ ಸಂಘಗಳಿಗೆ ಒಂದು ಸಲಹೆ ಕಳಿಸಿತು. ನಂಬರ್ ಕೊಡದಿದ್ದರೆ ಬಿಲ್ ಮಾಡಲ್ಲ ಅನ್ನುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನ್ಯಾಯದ ವ್ಯಾಪಾರ ಪದ್ಧತಿ ಅಂತ ಇಲಾಖೆಯ ಕಾರ್ಯದರ್ಶಿಯೇ ಆಗ ಹೇಳಿದ್ದರು. ಇನ್ನು 2019ರ ಆ ಕಾಯ್ದೆಯನ್ನೇ ತೆಗೆದು ನೋಡಿ. ಮಾರಿದ ಸಾಮಾನಿಗೆ ಬಿಲ್ ಕೊಡದಿರುವುದೂ ಅನ್ಯಾಯದ ಪದ್ಧತಿಯ ಪಟ್ಟಿಯಲ್ಲಿದೆ. ಗ್ರಾಹಕ ನಂಬಿ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ‘ನಂಬರ್ ಇಲ್ಲ, ಹಾಗಾಗಿ ಬಿಲ್ ಇಲ್ಲ’ ಅನ್ನುವವರು ಒಂದಲ್ಲ, ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ.

‘ಜಿಎಸ್‌ಟಿಗೆ ಬೇಕು’ ಅಂತ ಕೆಲವರು ಹೇಳುತ್ತಾರೆ. ಜಿಎಸ್‌ಟಿ ನಿಯಮ 46ರಲ್ಲಿ ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಪಟ್ಟಿ ಇದೆ. ನಮ್ಮ ನಿಮ್ಮಂಥ ನೋಂದಣಿ ಇಲ್ಲದ ಗ್ರಾಹಕರ ಹೆಸರು, ವಿಳಾಸ ಬೇಕಾಗುವುದು ಬಿಲ್ ಐವತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಆದಾಗ. ಮೊಬೈಲ್ ನಂಬರ್ ಆ ಪಟ್ಟಿಯಲ್ಲೇ ಇಲ್ಲ. ದೊಡ್ಡ ಮೊತ್ತದ ಚಿನ್ನಕ್ಕೆ ಪ್ಯಾನ್ ಕೇಳುವುದು ಬೇರೆ ವಿಷಯ. ಅದು ಆದಾಯ ತೆರಿಗೆಯ ನಿಯಮ, ಅಲ್ಲಿ ಕೊಡಲೇಬೇಕು.

ಈಗ ಹೊಸ ಕಾಯ್ದೆ. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಅದರ 7ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆ, ನಮ್ಮ ಈ ಚರ್ಚೆಗೇ ಬರೆದ ಹಾಗಿದೆ. ಒಬ್ಬಾಕೆ ಮೆಡಿಕಲ್ ಶಾಪಿನಲ್ಲಿ ಏನೋ ಕೊಂಡು, ತಾನಾಗಿಯೇ ತನ್ನ ಮಾಹಿತಿ ಕೊಟ್ಟು, ಹಣ ಸಂದಿದ್ದಕ್ಕೆ ಮೊಬೈಲಿಗೆ ಮೆಸೇಜ್ ಕಳಿಸಿ ಅನ್ನುತ್ತಾಳೆ. ಅಂಗಡಿಯವರು ಆ ರಸೀದಿ ಕಳಿಸುವುದಕ್ಕೆ ಅದನ್ನು ಬಳಸಬಹುದು. ಅಷ್ಟೇ. ಆಫರ್ ಕಳಿಸಲು, ಇನ್ನೊಬ್ಬರಿಗೆ ಕೊಡಲು ಅಂತ ಅಲ್ಲಿಲ್ಲ. (ಈ ಕಾಯ್ದೆಯಲ್ಲಿ ವ್ಯಕ್ತಿಯನ್ನು ಎಲ್ಲಾ ಕಡೆ ‘ಅವಳು’ ಎಂದೇ ಕರೆದಿದ್ದಾರೆ. ಗಂಡಸರೂ ಅದರೊಳಗೇ ಬರುತ್ತಾರೆ. ನನಗಂತೂ ಖುಷಿಯಾಯಿತು.)

ಆದರೆ ಸದ್ಯಕ್ಕೆ ಜಾಸ್ತಿ ಹಾರಾಡಬೇಡಿ. ನಿಯಮಗಳು ಹೊರಬಂದಿದ್ದು 2025ರ ನವೆಂಬರಿನಲ್ಲಿ. ಒಪ್ಪಿಗೆ, ಅಳಿಸುವ ಹಕ್ಕು, ಅಂಗಡಿಯವರ ಜವಾಬ್ದಾರಿ, ಇವೆಲ್ಲ ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಂದರೆ 2027ರ ಮೇ. ಮಾಹಿತಿ ಸೋರದಂತೆ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತೆಲ್ಲ ಪೇಪರಲ್ಲಿ ಓದಿದ್ದೀರಲ್ಲ, ಅದೂ ಇದೇ ಕಾಯ್ದೆ. ಅಲ್ಲಿವರೆಗೆ ನಮ್ಮ ಕೈಯಲ್ಲಿರುವ ಗಟ್ಟಿ ಆಯುಧ ಗ್ರಾಹಕ ಕಾಯ್ದೆಯೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಯಾರ ಕೇಸಿನಲ್ಲಿ ಗೊತ್ತಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗಲೇ ಅವರಿಗೆ ಎಂಬತ್ತು ದಾಟಿತ್ತು. ನಾವು ಕೌಂಟರ್ ಮುಂದೆ ‘ಬೇಡ’ ಅನ್ನಲು ಹಿಂಜರಿಯುತ್ತೇವೆ!

ಹುಬ್ಳಿ ಗಿರ್ಮಿಟ್

ಇಷ್ಟೆಲ್ಲಾ ಯಾಕ್ರಿ? ಬಾಯಿಗೆ ಬಂದ ಹತ್ತು ಅಂಕಿ ಹೇಳಿ ಹೊರಗೆ ಬಂದರಾಯ್ತು. ನಾನು ಹಂಗೇ ಮಾಡೋದು. ಕ್ಯಾಷಿಯರಿಗೂ ಟಾರ್ಗೆಟ್ ಆಯ್ತು, ನನಗೂ ಆರಾಮ.

ಮಲ್ಪೆ ಮೀನು

ಓ, ಆ ಪುಣ್ಯಾತ್ಮರು ನೀವೇನಾ!

ನನ್ನ ನಂಬರ್ ಸುಲಭವಾಗಿ ಬಾಯಿಗೆ ಬರುವಂಥದ್ದು, ಒಂದೇ ಅಂಕಿ ಸಾಲಾಗಿ ಇದೆ. ಯಾರ್ಯಾರದೋ ಬಿಲ್ ನನಗೆ ಬರುತ್ತದೆ ಮಾರ್ರೆ. ರಾಯಚೂರಿನಲ್ಲಿ ಒಬ್ಬರು ಶೂ ತಗೊಂಡರು, ಬೆಳಗಾವಿಯಲ್ಲಿ ಒಬ್ಬರು ಮಿಕ್ಸಿ ರಿಪೇರಿಗೆ ಕೊಟ್ಟರು, ಇನ್ನೊಬ್ಬರು ಕನ್ನಡಕ ರೆಡಿ ಆದರೂ ತಗೊಂಡು ಹೋಗಿಲ್ಲ. ಆ ಕನ್ನಡಕದ ಅಂಗಡಿಯವರು ನನಗೆ ಫೋನ್ ಮಾಡಿ ‘ಸರ್ ಯಾವಾಗ ಬರ್ತೀರಿ’ ಅಂತ ಕೇಳುತ್ತಲೇ ಇರುತ್ತಾರೆ. ನೀವು ನಿಮ್ಮ ಖಾಸಗಿತನ ಉಳಿಸಿಕೊಳ್ಳಲು ಇನ್ನೊಬ್ಬನ ತಲೆ ಮೇಲೆ ಹಾಕುವುದು ಯಾವ ನ್ಯಾಯ? ‘ಇಲ್ಲ’ ಅನ್ನಿ, ಸುಮ್ನೆ ಸುಳ್ಳು ನಂಬರ್ ಹೇಳಬೇಡಿ.

ಕರಿಕೋಟು

ಮೀನು ಹೇಳಿದ್ದು ಸರಿ. ಇದಕ್ಕೂ ಆ ಹೊಸ ಕಾಯ್ದೆಯಲ್ಲಿ ಜಾಗ ಇದೆ. ಮಾಹಿತಿ ಕೊಡುವಾಗ ಬೇರೊಬ್ಬರ ಸೋಗು ಹಾಕಬಾರದು ಅನ್ನುವುದು ನಮ್ಮ ಕರ್ತವ್ಯಗಳಲ್ಲಿ ಒಂದು. ತಪ್ಪಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ. ಚಪ್ಪಲಿ ಬಿಲ್ಲಿಗೆ ಯಾರೂ ನಿಮ್ಮ ಬೆನ್ನು ಹತ್ತುವುದಿಲ್ಲ, ನಿಜ. ಆದರೂ ಬೇಡ ಅನ್ನುವ ಹಕ್ಕೇ ಇರುವಾಗ ಸುಳ್ಳು ಯಾಕೆ?

ಹುಬ್ಳಿ ಗಿರ್ಮಿಟ್

ತಪ್ಪಾಯ್ತು ಮಾರಾಯ್ರ. ಆ ಶೂ ನಂದಲ್ಲ ಮತ್ತ.

ಶೆಟ್ರ ಅಂಗಡಿ

ನಾನು ಕೌಂಟರಿನ ಆ ಕಡೆಯವನು. ಸಣ್ಣ ದಿನಸಿ ಅಂಗಡಿ. ಎಲ್ಲಾ ಅಂಗಡಿಯವರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ನನ್ನ ಫೋನಿನಲ್ಲೂ ಗಿರಾಕಿಗಳ ನಂಬರ್ ಇದೆ. ಅವರು ವಾಟ್ಸಾಪಲ್ಲಿ ಚೀಟಿ ಕಳಿಸುತ್ತಾರೆ, ನಾನು ಸಾಮಾನು ಕಟ್ಟಿ ಮನೆಗೆ ಕಳಿಸುತ್ತೇನೆ. ಯಾರ ಮನೆಗೆ ಎಷ್ಟು ಸಕ್ಕರೆ ಹೋಗುತ್ತೆ, ಯಾರ ಮನೆಯಲ್ಲಿ ಶುಗರ್ ಬಂದ ಮೇಲೆ ಕಮ್ಮಿಯಾಯ್ತು, ಎಲ್ಲಾ ಗೊತ್ತು. ಸಾಲದ ಪುಸ್ತಕದಲ್ಲಿ ಅದಕ್ಕಿಂತ ಜಾಸ್ತಿ ಗೊತ್ತು. ಆದರೆ ಅದು ಅಂಗಡಿಯಿಂದ ಆಚೆ ಹೋಗಲ್ಲ. ಪಕ್ಕದ ಮನೆಯವರು ಬಂದು ‘ಅವರ ಬಾಕಿ ಎಷ್ಟು’ ಅಂತ ಕೇಳಿದರೂ ಹೇಳಲ್ಲ. ಹೇಳಿದ ದಿನ ನನ್ನ ವ್ಯಾಪಾರ ಮುಗೀತು.

ಇನ್ನೊಂದು ಮಾತು. ಜಾಡು ಬಿಡುವುದು ಗಿರಾಕಿ ಮಾತ್ರ ಅಲ್ಲ. 2025ರ ಜುಲೈ ನೆನಪಿದೆಯಾ? ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ವಹಿವಾಟು ದಾಟಿದ್ದರೆ ಜಿಎಸ್‌ಟಿ ನೋಂದಣಿ ಬೇಕು ಅಂತ. ಬೆಂಗಳೂರಿನ ಬೇಕರಿ, ತರಕಾರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ತೆರಿಗೆ ಸರಿಯೋ ತಪ್ಪೋ ಅದು ಬೇರೆ ಮಾತು. ಪ್ರತಿ ಹತ್ತು ರೂಪಾಯಿಯೂ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ ಅನ್ನುವುದು ನಮಗೆ ಗೊತ್ತಾಗಿದ್ದು ಆಗಲೇ.

ಕತ್ರಿಗುಪ್ಪೆ ಕಾಫಿ

ಶೆಟ್ರೇ, ನಿಮ್ಮಂಥವರ ಬಗ್ಗೆ ತಕರಾರಿಲ್ಲ. ಯುಪಿಐ ಅಂದಿದ್ದಕ್ಕೆ ಒಂದು ಅನುಮಾನ. ಕೌಂಟರಲ್ಲಿ ನಂಬರ್ ಕೊಡದಿದ್ದರೂ, ಯುಪಿಐ ಮಾಡಿದ ಕೂಡಲೇ ನಂಬರ್ ಹೋಗಲ್ವಾ?

ಹಳೇ ಕ್ಯಾಷಿಯರ್

ನಿಮ್ಮ ಯುಪಿಐ ಐಡಿ ಹೇಗಿದೆ ಅನ್ನುವುದರ ಮೇಲೆ ಹೋಗುತ್ತೆ. ತುಂಬಾ ಜನರ ಐಡಿ ಅವರ ಮೊಬೈಲ್ ನಂಬರೇ, ಮುಂದೆ ಬ್ಯಾಂಕಿನ ಬಾಲ ಇರುತ್ತೆ ಅಷ್ಟೆ. ಆ್ಯಪಿನ ಸೆಟ್ಟಿಂಗಲ್ಲಿ ಅಂಕಿ ಇಲ್ಲದ ಬೇರೆ ಐಡಿ ಮಾಡಿಕೊಂಡು, ಅದರಿಂದಲೇ ಹಣ ಹೋಗುವ ಹಾಗೆ ಇಟ್ಟುಕೊಳ್ಳಿ. ನಿಮ್ಮ ಹೆಸರು ಹೇಗೂ ಕಾಣುತ್ತೆ. ಅದೂ ಬೇಡ ಅಂದರೆ ನೋಟು ಕೊಡಿ.

ಕಾರ್ಡಿನ ಬಗ್ಗೆ ಒಂದು ಸಮಾಧಾನ ಇದೆ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆನ್‌ಲೈನ್ ಅಂಗಡಿಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ. ಅದರ ಬದಲು ಟೋಕನ್ ಇರುತ್ತದೆ, ಅದು ಆ ಒಂದು ಅಂಗಡಿಗೆ ಮಾತ್ರ ನಡೆಯುವಂಥದ್ದು. ಕಳ್ಳರ ಕೈಗೆ ಸಿಕ್ಕರೂ ಬೇರೆ ಕಡೆ ಉಪಯೋಗವಿಲ್ಲ.

ಹೆಸರು ಬೇಡ

ನನ್ನದು ಬೇರೆ ಥರದ ಸಮಸ್ಯೆ. ಹಿಂದಿನವರು ಸುರಕ್ಷತೆ ಬಗ್ಗೆ ಹೇಳಿದರು. ನಾನು ಮನೆಯವರ ಬಗ್ಗೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎಲ್ಲಾ ಅಂಗಡಿಗೂ ಮಾವನವರ ನಂಬರೇ. ಪಾಯಿಂಟ್ ಒಂದೇ ಕಡೆ ಸೇರಲಿ ಅಂತ. ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಿಟ್ ತಗೊಂಡೆ. ಅಂಗಡಿಯವರು ಅಭ್ಯಾಸದಂತೆ ಮನೆಯ ನಂಬರಿಗೆ ಬಿಲ್ ಹಾಕಿದರು. ನಾನು ಮನೆ ಸೇರುವ ಮುಂಚೆ ವಾಟ್ಸಾಪ್ ಬಿಲ್ ಸೇರಿತ್ತು. ಗಂಡನಿಗೆ ಹೇಳುವ ಮೊದಲೇ ಅತ್ತೆ ದೇವರಿಗೆ ದೀಪ ಹಚ್ಚಿದ್ದರು. ಅವರದು ಕೆಟ್ಟ ಮನಸ್ಸಲ್ಲ, ಖುಷಿಗೇ ಹಚ್ಚಿದ್ದು. ಆದರೆ ಅದು ನಾನು ಹೇಳಬೇಕಾದ ಸುದ್ದಿ ಅಲ್ವಾ? ಫಲಿತಾಂಶ ನೆಗೆಟಿವ್ ಬಂತು. ಆಮೇಲೆ ಅದನ್ನೂ ಎಲ್ಲರಿಗೂ ನಾನೇ ಹೇಳಬೇಕಾಯಿತು.

ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು, ಗರ್ಭನಿರೋಧಕ ತಗೊಳ್ಳುವವರು, ಇವರ ಗತಿ ಯೋಚನೆ ಮಾಡಿ.

ಔಷಧಿ ಡಬ್ಬಿ

ತುಂಬಾ ಬೇಜಾರಾಯಿತು ಓದಿ. ನಾನು ಫಾರ್ಮಸಿಸ್ಟ್. ನಿಯಮ ಏನು ಅಂತ ಹೇಳುತ್ತೇನೆ, ಯಾಕಂದರೆ ನಮ್ಮವರೇ ‘ಮೆಡಿಸಿನ್‌ಗೆ ನಂಬರ್ ಕಡ್ಡಾಯ’ ಅಂತ ಹೇಳುವುದನ್ನು ಕೇಳಿದ್ದೇನೆ.

ಶೆಡ್ಯೂಲ್ ಎಚ್1 ಅಂತ ಒಂದು ಪಟ್ಟಿ ಇದೆ, 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಕೆಲವು ಆ್ಯಂಟಿಬಯಾಟಿಕ್, ಟಿಬಿ ಔಷಧಿ, ನಿದ್ದೆ ಮಾತ್ರೆಗಳು ಅದರಲ್ಲಿವೆ. ಅವನ್ನು ಮಾರಿದಾಗ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಅಂತ ಬರೆದು ಮೂರು ವರ್ಷ ಇಡಬೇಕು. ಅಲ್ಲಿ ರೋಗಿಯ ಮೊಬೈಲ್ ನಂಬರ್ ಕೇಳಿಲ್ಲ. ಪ್ರೆಗ್ನೆನ್ಸಿ ಕಿಟ್‌ಗೆ ಚೀಟಿಯೇ ಬೇಡ, ಹೆಸರು ಎಲ್ಲಿಂದ ಬಂತು?

ಇಂಥ ಸಾಮಾನು ತಗೊಳ್ಳುವಾಗ ‘ಮನೆ ಅಕೌಂಟಿಗೆ ಬೇಡ, ಬೇರೆ ಬಿಲ್ ಮಾಡಿ’ ಅಂತ ಹೇಳಿ. ಆನ್‌ಲೈನ್ ಔಷಧಿ ಆ್ಯಪ್ ಬಳಸುವವರು ಮನೆಮಂದಿಗೆಲ್ಲ ಒಂದೇ ಲಾಗಿನ್ ಇಟ್ಟುಕೊಳ್ಳಬೇಡಿ. ಹಳೇ ಆರ್ಡರುಗಳ ಪಟ್ಟಿ ಎಲ್ಲರಿಗೂ ಕಾಣುತ್ತೆ, ‘ಮತ್ತೆ ತರಿಸಿ’ ಅಂತ ನೆನಪು ಬೇರೆ ಮಾಡುತ್ತೆ.

ಸ್ಯಾನ್ ಹೋಸೆ ಸೀನ

ಇಲ್ಲಿನದೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ 1971ರ ಒಂದು ಕಾನೂನು ಇದೆ, ಕಾರ್ಡಲ್ಲಿ ಹಣ ಕೊಡುವವರ ಖಾಸಗಿ ಮಾಹಿತಿಯನ್ನು ಅಂಗಡಿಯವರು ಕೇಳಿ ಬರೆದುಕೊಳ್ಳಬಾರದು ಅಂತ. ಅಡುಗೆಮನೆ ಸಾಮಾನು ಮಾರುವ ವಿಲಿಯಮ್ಸ್-ಸೊನೋಮಾ ಕಂಪನಿ ಕೌಂಟರಲ್ಲಿ ಒಬ್ಬ ಗ್ರಾಹಕಿಯ ಜಿಪ್ ಕೋಡ್, ಅಂದರೆ ನಮ್ಮ ಪಿನ್‌ಕೋಡ್, ಕೇಳಿ ಬರೆದುಕೊಂಡಿತು. ಹೆಸರು ಮತ್ತು ಪಿನ್‌ಕೋಡ್ ಸೇರಿಸಿ ಮನೆ ವಿಳಾಸ ಹುಡುಕಬಹುದು ಅನ್ನುವುದು ಆಕೆಯ ವಾದ. 2011ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿತು: ಪಿನ್‌ಕೋಡ್ ಕೂಡ ಖಾಸಗಿ ಮಾಹಿತಿಯೇ. ಹಾಗಂತ ಇಲ್ಲೇನೂ ಸ್ವರ್ಗ ಅಲ್ಲ. ಸೂಪರ್‌ಮಾರ್ಕೆಟಲ್ಲಿ ಮೆಂಬರ್ ಬೆಲೆ ಬೇಕಾದರೆ ಇಲ್ಲೂ ಫೋನ್ ನಂಬರ್ ಒತ್ತಬೇಕು. ಒತ್ತದಿದ್ದರೆ ಹಾಲಿಗೂ ಜಾಸ್ತಿ ದುಡ್ಡು.

ತೀರ್ಥಹಳ್ಳಿ ಮಳೆ

ಎಲ್ಲರೂ ಅಂಗಡಿ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಂಥ ಊರಿನವರಿಗೆ ಪಾರ್ಸೆಲ್ಲೇ ಅಂಗಡಿ. ಅದರ ಬಗ್ಗೆ ಕೆಲವು ಮಾತು.

ಪಾರ್ಸೆಲ್ ಕವರಿನ ಮೇಲೆ ಹೆಸರು, ವಿಳಾಸ, ಎಷ್ಟೋ ಸಲ ಫೋನ್ ನಂಬರ್, ಒಳಗಿರುವ ಸಾಮಾನು, ಬೆಲೆ ಎಲ್ಲಾ ಇರುತ್ತದೆ. ಅದನ್ನು ಹಾಗೇ ಕಸಕ್ಕೆ ಎಸೆಯುತ್ತೇವೆ. ಲೇಬಲ್ ಕಿತ್ತು ಹರಿಯಿರಿ, ಇಲ್ಲಾ ಒಲೆಗೆ ಹಾಕಿ. ನಮ್ಮಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತದೆ, ಆ ಒಂದು ಅನುಕೂಲ ಉಂಟು.

ನಾನು ಒಂದು ಉಪಾಯ ಮಾಡುತ್ತೇನೆ. ಆರ್ಡರ್ ಮಾಡುವಾಗ ಹೆಸರಿನ ಹಿಂದೆ ಒಂದೊಂದು ಆ್ಯಪಿಗೆ ಒಂದೊಂದು ಇನಿಶಿಯಲ್ ಹಾಕುತ್ತೇನೆ. ಬಟ್ಟೆ ಆ್ಯಪಿಗೆ ಒಂದು, ಪುಸ್ತಕದ್ದಕ್ಕೆ ಇನ್ನೊಂದು. ಆಮೇಲೆ ಗೊತ್ತಿಲ್ಲದವರು ಫೋನ್ ಮಾಡಿ ಆ ಇನಿಶಿಯಲ್ ಸೇರಿಸಿ ಕರೆದರೆ ಎಲ್ಲಿಂದ ಸೋರಿತು ಅಂತ ಗೊತ್ತಾಗಿಬಿಡುತ್ತದೆ. ಜಿಮೇಲ್ ಇದ್ದವರು ಹೆಸರಾದ ಮೇಲೆ ಪ್ಲಸ್ ಗುರುತು ಹಾಕಿ ಅಂಗಡಿಯ ಹೆಸರು ಸೇರಿಸಬಹುದು, ಮೇಲ್ ನಿಮಗೇ ಬರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಮೋಸ ಮಾಡುವವರು ಈಗ ‘ನಿಮಗೆ ಲಾಟರಿ ಬಂದಿದೆ’ ಅಂತ ಶುರು ಮಾಡಲ್ಲ. ನಿಮ್ಮ ಹೆಸರು, ಊರು, ಏನು ತರಿಸಿದಿರಿ ಅನ್ನುವುದನ್ನು ಹೇಳಿಯೇ ಶುರು ಮಾಡುತ್ತಾರೆ. ನಮ್ಮ ಜನ ಅಲ್ಲೇ ನಂಬುತ್ತಾರೆ. ಒಂದು ಕಾಲದಲ್ಲಿ ‘ಡೆಲಿವರಿ ಹುಡುಗನಿಗೆ ಲೈನ್ ಸಿಗಬೇಕಾದರೆ ಸ್ಟಾರ್ 401 ಹೊಡೆದು ಈ ನಂಬರ್ ಒತ್ತಿ’ ಅನ್ನುತ್ತಿದ್ದರು. ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರಿಗೆ ತಿರುಗುತ್ತಿದ್ದವು, ಓಟಿಪಿ ಹೇಳುವ ಕರೆ ಕೂಡ. 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವುದನ್ನು ನಿಲ್ಲಿಸಿ ಅಂತ ಟೆಲಿಕಾಂ ಇಲಾಖೆ ಕಂಪನಿಗಳಿಗೆ ಹೇಳಿತು. ಅದಾದ ಮೇಲೂ ಬೇರೆ ದಾರಿ ಹುಡುಕುತ್ತಲೇ ಇದ್ದಾರೆ. ತರಿಸದೇ ಇದ್ದ ಪಾರ್ಸೆಲ್ ಬಾಗಿಲಿಗೆ ಬಂದು ‘ಕ್ಯಾಶ್ ಆನ್ ಡೆಲಿವರಿ’ ಅಂದರೆ, ಮನೆಯಲ್ಲಿರುವ ಅಜ್ಜಿ ದುಡ್ಡು ಕೊಟ್ಟುಬಿಡುತ್ತಾರೆ. ಮನೆಯವರಿಗೆಲ್ಲ ಹೇಳಿಟ್ಟಿರಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮತ್ತೆ, ಮಾಲಲ್ಲಿ ಕಾರು ನಿಲ್ಲಿಸಿಕೊಂಡು ‘ಚೀಟಿ ತುಂಬಿ, ಬಂಪರ್ ಬಹುಮಾನ’ ಅನ್ನುತ್ತಾರಲ್ಲ, ಅದಕ್ಕೆ ಹೆಸರು, ಸಂಬಳ, ಮದುವೆ ದಿನಾಂಕ ಎಲ್ಲಾ ತುಂಬಿಕೊಡುವವರಿಗೆ ನಾನು ಏನೂ ಹೇಳಲ್ಲ.

ಕತ್ರಿಗುಪ್ಪೆ ಕಾಫಿ

ಅಬ್ಬಾ, ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಈಗಾಗಲೇ ಹತ್ತಾರು ಕಡೆ ಕೊಟ್ಟ ನಂಬರಿಗೆ ಏನು ಮಾಡುವುದು? ನಂಬರ್ ಇಲ್ಲದ ಬಿಲ್ ಇದ್ದರೆ ಸೈಜ್ ಬದಲಾಯಿಸಿಕೊಡುತ್ತಾರಾ?

ಕರಿಕೋಟು

ಮೊದಲನೆಯದಕ್ಕೆ: ಆನ್‌ಲೈನ್ ಮಾರುವವರು ದೂರು ಅಧಿಕಾರಿಯ ಹೆಸರು, ವಿವರ ಹಾಕಿರಲೇಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ನಿಮ್ಮ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ನನ್ನ ನಂಬರ್ ತೆಗೆಯಿರಿ, ಆಫರ್ ಬೇಡ’ ಅಂತ ಮೇಲ್ ಹಾಕಿ, ಪ್ರತಿ ಇಟ್ಟುಕೊಳ್ಳಿ. ಮೆಸೇಜ್ ಬಂದಾಗ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಗ್ಲಿಷಿನ ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಅಂದರೆ ಸೇವೆ, ‘ಟಿ’ ಅಂದರೆ ವ್ಯವಹಾರದ ಮೆಸೇಜ್, ‘ಜಿ’ ಅಂದರೆ ಸರ್ಕಾರ. ಬೇಡದ ಜಾಹೀರಾತು ಬಂದರೆ ಏಳು ದಿನದೊಳಗೆ 1909ಕ್ಕೆ ದೂರು ಕೊಡಬಹುದು, ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಅವರ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಆ್ಯಪಿನಲ್ಲೂ ಆಗುತ್ತದೆ. ಆದರೆ ನೀವೇ ಒಪ್ಪಿಗೆ ಕೊಟ್ಟ ಅಂಗಡಿಯ ಮೆಸೇಜನ್ನು ಡಿಎನ್‌ಡಿ ತಡೆಯಲ್ಲ. ಮೊದಲು ಆ ಒಪ್ಪಿಗೆ ವಾಪಸ್ ತಗೊಳ್ಳಿ.

ಹಳೇ ಕ್ಯಾಷಿಯರ್

ಎರಡನೆಯದಕ್ಕೆ: ಬದಲಾಯಿಸಲು ಬೇಕಾಗಿರುವುದು ಬಿಲ್ ನಂಬರ್, ತಾರೀಕು ಮತ್ತು ಬಟ್ಟೆಯ ಟ್ಯಾಗ್. ನಿಮ್ಮ ಮೊಬೈಲ್ ನಂಬರ್ ಅಲ್ಲ. ಅದು ಕಳೆದುಹೋದ ಬಿಲ್ ಹುಡುಕಲು ಮಾತ್ರ ಉಪಯೋಗಕ್ಕೆ ಬರುತ್ತೆ. ಕೌಂಟರಲ್ಲಿ ಕೊಡುವ ಆ ನುಣುಪು ಕಾಗದದ ಮೇಲಿನ ಅಕ್ಷರ ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಬೇಗ ಅಳಿಸಿಹೋಗುತ್ತೆ. ಮಿಕ್ಸಿ, ಫ್ರಿಡ್ಜ್ ಥರ ವಾರಂಟಿ ಇರುವ ಸಾಮಾನಾದರೆ ಅಂಗಡಿಯಿಂದ ಹೊರಗೆ ಬಂದ ಕೂಡಲೇ ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ.